ಹನ್ನೊಂದು ವರ್ಷದ ನಂತರ ಮತ್ತೆ ಟಿಟಿಗೆ: ಮೈಕ್ ಹೈಲ್‌ವುಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಹುಚ್ಚು ಇರುವ ನಾಲ್ಕು ಜನ ಸೇರಿದರೆ 1978ರ ಟಿಟಿ ಮಾತು, ಅಂದರೆ ಐಲ್ ಆಫ್ ಮ್ಯಾನ್ ದ್ವೀಪದ ಆ ಬೈಕ್ ರೇಸಿಗೆ ಮೈಕ್ ಹೈಲ್‌ವುಡ್ ಹನ್ನೊಂದು ವರ್ಷದ ನಂತರ ವಾಪಸ್ ಬಂದು ಗೆದ್ದ ಮಾತು ಬಂದೇ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಗೊತ್ತಿದ್ದವರು ಮೊದಲ ಭಾಗ ಬಿಟ್ಟು ಸೀದಾ ಮುಂದಕ್ಕೆ ಹೋಗಬಹುದು.

## ಮೊದಲ ಸಲ ಕೇಳುತ್ತಿರುವವರಿಗೆ

ಈ ಮೈಕ್ ಹೈಲ್‌ವುಡ್ ಅಂದ್ರೆ ಯಾರು? ರೋಸ್ಸಿ, ಮಾರ್ಕೆಸ್ ಕಾಲದವರಿಗೆ ಹೆಸರೇ ಗೊತ್ತಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ 1940ರಲ್ಲಿ ಹುಟ್ಟಿದವರು. ತಂದೆ ಸ್ಟ್ಯಾನ್ ಬೈಕ್ ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿದ್ದರು. ಮಗನಿಗೆ ಶುರುವಿನಿಂದಲೇ ಒಳ್ಳೊಳ್ಳೆ ಬೈಕ್ ಕೊಡಿಸಿದರು. 'ಅಪ್ಪನ ದುಡ್ಡಿನಲ್ಲಿ ಮೆರೆಯೋ ಹುಡುಗ' ಅಂತ ಆಡಿಕೊಂಡವರೂ ಇದ್ದರು. ಮಗ ಗೆಲ್ಲೋಕೆ ಶುರು ಮಾಡಿದ ಮೇಲೆ ಆ ಮಾತು ನಿಂತಿತು.

1961ರಿಂದ 1967ರವರೆಗೆ ಒಂಬತ್ತು ವಿಶ್ವ ಚಾಂಪಿಯನ್ ಪಟ್ಟ. 250, 350, 500 ಸಿಸಿ, ಮೂರೂ ವರ್ಗಗಳಲ್ಲಿ. ಒಟ್ಟು 76 ಗ್ರ್ಯಾನ್ ಪ್ರಿ (ವಿಶ್ವ ಚಾಂಪಿಯನ್‌ಶಿಪ್ ರೇಸ್) ಗೆಲುವು. ಜನ ಪ್ರೀತಿಯಿಂದ ಕರೆಯುತ್ತಿದ್ದದ್ದು 'ಮೈಕ್ ದ ಬೈಕ್' ಅಂತ.

ಟಿಟಿ ಅಂದ್ರೆ ಏನು? ಮಾಮೂಲಿ ರೇಸ್ ಟ್ರ್ಯಾಕ್‌ಗೂ ಅದಕ್ಕೂ ಏನು ವ್ಯತ್ಯಾಸ?

ಟಿಟಿ ಅಂದರೆ ಟೂರಿಸ್ಟ್ ಟ್ರೋಫಿ. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ ಇರುವ ಐಲ್ ಆಫ್ ಮ್ಯಾನ್ ಅನ್ನೋ ಸಣ್ಣ ದ್ವೀಪದಲ್ಲಿ 1907ರಿಂದ ನಡೆಯುತ್ತಿದೆ. ಅಲ್ಲಿ ಟ್ರ್ಯಾಕ್ ಅನ್ನೋದೇ ಇಲ್ಲ. ಜನ ದಿನಾ ಓಡಾಡುವ ರಸ್ತೆಯನ್ನೇ ಬಂದ್ ಮಾಡಿ ರೇಸ್ ಮಾಡುತ್ತಾರೆ. ಮನೆಗಳ ಕಾಂಪೌಂಡು, ದೀಪದ ಕಂಬ, ಕಲ್ಲಿನ ಗೋಡೆ, ಫುಟ್‌ಪಾತ್ ಎಲ್ಲ ಹಾಗೇ ಇರುತ್ತವೆ.

ಒಂದು ಸುತ್ತು ಸುಮಾರು 60.7 ಕಿ.ಮೀ. ಬೆಂಗಳೂರಿನಿಂದ ಚನ್ನಪಟ್ಟಣದಷ್ಟು ದೂರ ಅಂದುಕೊಳ್ಳಿ. ಅದರಲ್ಲಿ ಇನ್ನೂರಕ್ಕೂ ಜಾಸ್ತಿ ತಿರುವು. ಡಗ್ಲಸ್ ಊರಿನಲ್ಲಿ ಹೊರಟು, ಬ್ರೇ ಹಿಲ್ ಇಳಿಜಾರಿನಲ್ಲಿ ಮನೆಗಳ ನಡುವೆ ನುಗ್ಗಿ, ಹಳ್ಳಿಗಳನ್ನು ದಾಟಿ, ಬಲ್ಲಾ ಸೇತುವೆಯ ಮೇಲೆ ಗಾಳಿಯಲ್ಲಿ ಹಾರಿ, ರ್‍ಯಾಮ್ಸಿ ಊರಿನಿಂದ ಸ್ನೇಫೆಲ್ ಬೆಟ್ಟ ಹತ್ತಿ ಇಳಿದರೆ ಒಂದು ಸುತ್ತು. ಕೆಳಗೆ ಬಿಸಿಲಿದ್ದರೆ ಬೆಟ್ಟದ ಮೇಲೆ ಮಂಜು ಮುಸುಕಿರಬಹುದು. ಎಲ್ಲರೂ ಒಟ್ಟಿಗೆ ಹೊರಡುವುದೂ ಇಲ್ಲ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಸರದಿ ಪ್ರಕಾರ ಬಿಡುತ್ತಾರೆ. ಗಡಿಯಾರದ ಲೆಕ್ಕದಲ್ಲಿ ಮುಂದಿದ್ದವರು ಗೆದ್ದ ಹಾಗೆ.

ಈ ದಾರಿಯಲ್ಲಿ ಇಲ್ಲಿಯವರೆಗೆ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. ಇದನ್ನು ಮರೆತು ಟಿಟಿ ಬಗ್ಗೆ ಮಾತಾಡಬಾರದು.

ಅಷ್ಟು ಗೆಲ್ಲುತ್ತಿದ್ದವರು 1967ರಲ್ಲೇ ಬಿಟ್ಟಿದ್ದು ಯಾಕೆ? ಬೇಜಾರಾಗಿತ್ತಾ?

ಬಿಟ್ಟಿದ್ದು ಹೋಂಡಾ ಕಂಪನಿ. ಹೈಲ್‌ವುಡ್ ಆಗ ಹೋಂಡಾ ಸವಾರ. ಆ ವರ್ಷ ಕಳೆಯುತ್ತಲೇ ಗ್ರ್ಯಾನ್ ಪ್ರಿ ರೇಸಿಂಗ್‌ನಿಂದ ಹೋಂಡಾ ಹಿಂದೆ ಸರಿಯಿತು. ಬೇರೆ ಕಂಪನಿಯ ಬೈಕ್ ಏರಬಾರದು ಅಂತ ಇವರಿಗೆ 50,000 ಪೌಂಡ್ ಕೊಟ್ಟಿತು. ಸುಮ್ನೆ ಕೂರೋಕೆ ಅಷ್ಟು ದುಡ್ಡು!

ಅದೇ 1967ರ ಸೀನಿಯರ್ ಟಿಟಿಯಲ್ಲಿ (ಟಿಟಿ ವಾರದ ಹಲವು ರೇಸ್‌ಗಳಲ್ಲಿ 500 ಸಿಸಿ ಬೈಕುಗಳದ್ದು) ಅವರಿಗೂ ಇಟಲಿಯ ಜಾಕೊಮೊ ಅಗೊಸ್ಟಿನಿಗೂ ನಡೆದ ಪೈಪೋಟಿಯನ್ನು ಹಳಬರು ಈಗಲೂ ಹೇಳುತ್ತಾರೆ. ಅಗೊಸ್ಟಿನಿ ಮುಂದಿದ್ದಾಗ ಬೈಕಿನ ಚೈನ್ ತುಂಡಾಯಿತು. ಹೈಲ್‌ವುಡ್ ಗೆದ್ದರು. ಅವತ್ತು ಅವರು ಮಾಡಿದ ಗಂಟೆಗೆ 108.77 ಮೈಲಿಯ ಲ್ಯಾಪ್ ದಾಖಲೆ 1975ರವರೆಗೆ ಹಾಗೇ ಉಳಿಯಿತು. ಟಿಟಿಯಲ್ಲಿ ಅದು ಅವರ 12ನೇ ಗೆಲುವು.

ಆ ಹನ್ನೊಂದು ವರ್ಷ ಬೈಕೇ ಮುಟ್ಟಲಿಲ್ವಾ?

ಪೂರ್ತಿ ಬಿಟ್ಟಿರಲಿಲ್ಲ. 1970, 1971ರಲ್ಲಿ ಅಮೆರಿಕದ ಡೇಟೋನಾದಲ್ಲಿ ಬಿಎಸ್ಎ ಬೈಕ್ ಏರಿದ್ದರು. ಉಳಿದಂತೆ ಕಾರ್ ರೇಸಿಂಗ್. 1969ರ ಲ ಮಾನ್ 24 ಗಂಟೆ ರೇಸ್‌ನಲ್ಲಿ ಡೇವಿಡ್ ಹಾಬ್ಸ್ ಜೊತೆ ಫೋರ್ಡ್ ಜಿಟಿ40ಯಲ್ಲಿ ಮೂರನೇ ಸ್ಥಾನ. 1972ರಲ್ಲಿ ಯುರೋಪಿಯನ್ ಫಾರ್ಮುಲಾ 2 ಚಾಂಪಿಯನ್.

ಫಾರ್ಮುಲಾ 1ನಲ್ಲಿ ಒಂದೂ ರೇಸ್ ಗೆಲ್ಲಲಿಲ್ಲ. ಆದರೆ 1973ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಕ್ಲೇ ರೆಗಝೋನಿ ಕಾರಿಗೆ ಬೆಂಕಿ ಹತ್ತಿದಾಗ ತಾವೇ ಒಳಗೆ ನುಗ್ಗಿದರು. ಮೈಮೇಲಿನ ಬಟ್ಟೆಗೂ ಬೆಂಕಿ ತಗುಲಿತು. ಅದನ್ನು ಆರಿಸಿಕೊಂಡು ಮತ್ತೆ ಹೋಗಿ ಅವರನ್ನು ಹೊರಗೆಳೆದರು. ಅದಕ್ಕೆ ಬ್ರಿಟನ್ ಸರ್ಕಾರ ಜಾರ್ಜ್ ಮೆಡಲ್ ಕೊಟ್ಟಿತು.

1974ರಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಮೆಕ್ಲಾರೆನ್ ಕಾರು ಅಪ್ಪಳಿಸಿ ಕಾಲು ಜಜ್ಜಿಹೋಯಿತು. ಅಲ್ಲಿಗೆ ಕಾರ್ ರೇಸಿಂಗ್ ಮುಗಿಯಿತು. ಮನೆಮಂದಿಯನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಹೋಗಿ ನೆಲೆಸಿದರು. ಆಮೇಲೂ ಕುಂಟುತ್ತಲೇ ನಡೆಯುತ್ತಿದ್ದರು.

## 1978ರ ಆ ಜೂನ್

ಕುಂಟುವ ಕಾಲು, 38 ವಯಸ್ಸು. ಇಂಥ ರಸ್ತೆಗೆ ಯಾಕೆ ವಾಪಸ್ ಬಂದ್ರು? ದುಡ್ಡಿಗಾ?

ದುಡ್ಡಿಗೆ ಅಂತ ನನಗೆ ಅನಿಸುವುದಿಲ್ಲ. ದುಡ್ಡೇ ಬೇಕಿದ್ದರೆ ಇಷ್ಟು ಅಪಾಯ ಇಲ್ಲದ ದಾರಿ ಆ ಹೆಸರಿಗೆ ಬೇಕಾದಷ್ಟಿತ್ತು. ಕೆಲಸ ಇಲ್ಲದೆ ಕೂರುವುದು ಅವರಿಗೆ ಒಗ್ಗಲಿಲ್ಲ ಅಂತ ಕಾಣುತ್ತದೆ. 1977ರಲ್ಲಿ ಆಸ್ಟ್ರೇಲಿಯಾದ ಆರು ಗಂಟೆ ರೇಸ್‌ನಲ್ಲಿ ಇಟಲಿಯ ಡುಕಾಟಿ ಬೈಕ್ ಓಡಿಸಿದರು. ಕಾಲು ಸಹಕರಿಸುತ್ತದೆ ಅನ್ನೋದು ಗೊತ್ತಾಯಿತು.

ಪತ್ರಕರ್ತ ಗೆಳೆಯ ಟೆಡ್ ಮೆಕಾಲಿ ಏರ್ಪಾಟಿನ ಹೊಣೆ ಹೊತ್ತರು. ಸುದ್ದಿ ಹೊರಬಿದ್ದಾಗ ಖುಷಿಗಿಂತ ಭಯಪಟ್ಟವರೇ ಜಾಸ್ತಿ. 'ಹೆಸರು ಹಾಳು ಮಾಡ್ಕೋತಾರೆ' ಅಂತ ಕೆಲವರು. 'ಜೀವಾನೇ ಕಳ್ಕೋತಾರೆ' ಅಂತ ಕೆಲವರು.

ಡುಕಾಟಿನೇ ಯಾಕೆ? ಜಪಾನಿನ ಬೈಕ್‌ಗಳು ಆಗ ಜೋರಿದ್ವಲ್ವಾ?

ಮ್ಯಾಂಚೆಸ್ಟರ್‌ನಲ್ಲಿ ಸ್ಪೋರ್ಟ್ಸ್ ಮೋಟಾರ್ ಸೈಕಲ್ಸ್ ಅಂತ ಒಂದು ಅಂಗಡಿ. ಅದರ ಮಾಲೀಕ ಸ್ಟೀವ್ ವಿನ್. 1977ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಹೈಲ್‌ವುಡ್ ಈ ವಿನ್ ಅವರ ಡುಕಾಟಿ ಮೇಲೆ ಕೂತು ನೋಡಿದರು. ತಮ್ಮ ಕಾಲದ ಬೈಕಿನ ಹಾಗೇ ಇದೆ, ಇದು ತನಗೆ ಅರ್ಥವಾಗುತ್ತದೆ ಅನ್ನುವ ಭಾವ ಅವರಿಗೆ ಬಂತು. ಮಾತು ಅಲ್ಲಿಂದ ಬೆಳೆಯಿತು.

ಬೈಕು 864 ಸಿಸಿಯ ವಿ-ಟ್ವಿನ್, ಫೋರ್ ಸ್ಟ್ರೋಕ್. ಬೊಲೊನ್ಯಾದ ಎನ್‌ಸಿಆರ್ ವರ್ಕ್‌ಶಾಪಿನಲ್ಲಿ ತಯಾರಾದದ್ದು. ಎಂಜಿನ್‌ನಲ್ಲಿ ವಾಲ್ವ್ ಮುಚ್ಚುವ ಕೆಲಸ ಸ್ಪ್ರಿಂಗಿನದ್ದಲ್ಲ, ಅದಕ್ಕೂ ಕ್ಯಾಮ್ ಇದೆ. ಇದಕ್ಕೆ ಡೆಸ್ಮೊ ಅನ್ನುತ್ತಾರೆ. ನಾಲ್ಕು ಸಿಲಿಂಡರಿನ ಹೋಂಡಾಗಳ ಮುಂದೆ ನೇರ ರಸ್ತೆಯಲ್ಲಿ ಇದು ಭಾರೀ ವೇಗದ್ದೇನೂ ಅಲ್ಲ. ಆದರೆ ಸಪೂರ, ಉದ್ದ, ಉಬ್ಬುತಗ್ಗಿನ ಮೇಲೂ ಅಲುಗಾಡದ ಬೈಕು. ಕೆಳಗಿನ ಆರ್‌ಪಿಎಂನಿಂದಲೇ ಎಳೆತ ಸಿಗುತ್ತದೆ. ಮನೆಗಳ ನಡುವಿನ ರಸ್ತೆಯಲ್ಲಿ ಎರಡು ಗಂಟೆ ಹೋಗಬೇಕಾದಾಗ ಸವಾರನಿಗೆ ಬೇಕಾದದ್ದು ಇಂಥ ಬೈಕೇ.

ಇಡೀ ಕತೆಯಲ್ಲಿ ಹೈಲ್‌ವುಡ್ ತೋರಿದ ದೊಡ್ಡ ಜಾಣತನ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೊಸ ಕಾಲದ ಬೈಕಿಗೆ ತಾವು ಬಗ್ಗುವ ಬದಲು ತಮಗೆ ಒಗ್ಗುವ ಬೈಕ್ ಹುಡುಕಿಕೊಂಡರು.

ರೇಸ್ ದಿನ ನಡೆದದ್ದೇನು? ಸ್ವಲ್ಪ ಬಿಡಿಸಿ ಹೇಳಿ.

ಫಾರ್ಮುಲಾ 1 ಟಿಟಿ (ಹೆಸರು ಹಾಗೆ, ಆದರೆ ಇದು ಬೈಕ್ ರೇಸ್, ಕಾರಿನದ್ದಲ್ಲ). ಆರು ಸುತ್ತು, ಒಟ್ಟು ಸುಮಾರು 364 ಕಿ.ಮೀ. ಹೈಲ್‌ವುಡ್ ನಂಬರ್ 12. ಹಳೇ ಎದುರಾಳಿ ಫಿಲ್ ರೀಡ್ ನಂಬರ್ 1, ಹೋಂಡಾ ಬ್ರಿಟನ್ ತಂಡದ ಬೈಕಿನಲ್ಲಿ. ಹಿಂದಿನ ವರ್ಷ ಈ ರೇಸ್ ಗೆದ್ದವರು ರೀಡ್.

ರೀಡ್ 50 ಸೆಕೆಂಡ್ ಮೊದಲೇ ಹೊರಟಿದ್ದರು. ಅಂದರೆ ರಸ್ತೆಯಲ್ಲಿ ಹೈಲ್‌ವುಡ್‌ಗೆ ರೀಡ್ ಬೆನ್ನು ಕಂಡರೆ ಸಾಕು, ಗಡಿಯಾರದ ಪ್ರಕಾರ ಅವರು ಸುಮಾರು 50 ಸೆಕೆಂಡ್ ಮುಂದೆ ಇದ್ದ ಹಾಗೆ. ಆದದ್ದೂ ಅದೇ. ಅಂತರ ಸುತ್ತಿನಿಂದ ಸುತ್ತಿಗೆ ಕರಗುತ್ತಾ ಬಂತು. ಕೊನೆಗೆ ಹೈಲ್‌ವುಡ್ ರೀಡ್ ಪಕ್ಕಕ್ಕೇ ಬಂದರು. ಇಬ್ಬರೂ ಸ್ವಲ್ಪ ದೂರ ಜೊತೆಯಾಗಿಯೇ ಓಡಿದರು. ದಾರಿಯುದ್ದಕ್ಕೂ ಬೇಲಿ, ಗೋಡೆ ಏರಿ ಕೂತಿದ್ದ ಜನ ಬಿಳಿ-ಕೆಂಪು-ಚಿನ್ನದ ಬಣ್ಣದ ಆ ಹೆಲ್ಮೆಟ್ ಬಂದಾಗಲೆಲ್ಲ ಕೈಬೀಸಿ ಕೂಗುತ್ತಿದ್ದರು. ಐದನೇ ಸುತ್ತಿನಲ್ಲಿ ರೀಡ್ ಬೈಕ್ ಎಂಜಿನ್ ಕೈಕೊಟ್ಟಿತು.

ಹೈಲ್‌ವುಡ್ 2 ಗಂಟೆ 5 ನಿಮಿಷ ಚಿಲ್ಲರೆಯಲ್ಲಿ ಮುಗಿಸಿದರು. ಸರಾಸರಿ ಗಂಟೆಗೆ 108.51 ಮೈಲಿ, ಅಂದರೆ ಸುಮಾರು 174.6 ಕಿ.ಮೀ. ಅತಿ ವೇಗದ ಸುತ್ತು 110.62 ಮೈಲಿ. 1967ರಲ್ಲಿ ದಾಖಲೆ ಮಾಡಿದ ಆ ಒಂದು ಸುತ್ತಿನ ವೇಗವನ್ನು ಈ ಸಲ ಆರು ಸುತ್ತಿನ ಸರಾಸರಿಯೇ ಹತ್ತಿರ ಹತ್ತಿರ ಮುಟ್ಟಿತ್ತು. ಎರಡನೇ ಸ್ಥಾನ ಜಾನ್ ವಿಲಿಯಮ್ಸ್ ಅವರಿಗೆ.

ಆಮೇಲೆ ಎಂಜಿನ್ ಬಿಚ್ಚಿದಾಗ ಕ್ಯಾಮ್ ತಿರುಗಿಸುವ ಕೆಳಗಿನ ಬೆವೆಲ್ ಗೇರ್ ಮುರಿದುಹೋಗಿತ್ತು ಅಂತ ಸ್ಟೀವ್ ವಿನ್ ಹೇಳಿದ್ದಾರೆ. ಗೆರೆ ದಾಟುವ ತನಕ ತಡೆದುಕೊಂಡಿತ್ತು, ಅಷ್ಟೇ.

ರೀಡ್ ಬೈಕ್ ಕೆಡದೇ ಇದ್ದಿದ್ರೆ? ಅದೃಷ್ಟ ಅಲ್ವಾ ಇದು?

ರೀಡ್ ಬೈಕ್ ಕೆಡುವ ಮೊದಲೇ ಹೈಲ್‌ವುಡ್ ಲೆಕ್ಕದಲ್ಲಿ ಮುಂದಿದ್ದರು. ಹಾಗಾಗಿ ಗೆಲುವು ಅದೃಷ್ಟದ್ದಲ್ಲ. ಅವರ ಎಂಜಿನ್ ಉಳಿದದ್ದು ಅದೃಷ್ಟ ಅನ್ನಿ, ಒಪ್ಪುತ್ತೇನೆ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. 'ಮುದುಕ ಬಂದು ಹುಡುಗರನ್ನ ಸೋಲಿಸಿದ' ಅಂತ ಕತೆ ಹೇಳುತ್ತಾರಲ್ಲ, ಅವತ್ತಿನ ಮುಖ್ಯ ಎದುರಾಳಿ ರೀಡ್‌ಗೆ 39. ಹೈಲ್‌ವುಡ್‌ಗಿಂತ ಒಂದು ವರ್ಷ ದೊಡ್ಡವರು!

ಅದೇ ವಾರ ಯಮಹಾದಲ್ಲಿ ಸೋತರಂತೆ, ಹೌದಾ? ಅದನ್ನ ಯಾರೂ ಹೇಳಲ್ಲ.

ಹೌದು. ಬೇರೆ ರೇಸ್‌ಗಳಿಗೆ ಯಮಹಾ ಏರಿದ್ದರು. ಯಾವುದೂ ಕೈಹಿಡಿಯಲಿಲ್ಲ. ಸೀನಿಯರ್ ಟಿಟಿ ಟಾಮ್ ಹೆರನ್ ಪಾಲಾಯಿತು. ದೊಡ್ಡ ಬೈಕುಗಳೂ ಇಳಿಯುವ ಕ್ಲಾಸಿಕ್ ರೇಸ್ ಮಿಕ್ ಗ್ರಾಂಟ್ ಗೆದ್ದರು. ಹೈಲ್‌ವುಡ್‌ಗೆ ವಾರದ ಗೆಲುವು ಅಂತ ಉಳಿದದ್ದು ಡುಕಾಟಿಯದ್ದು ಒಂದೇ.

ಅದೇ ಸವಾರ, ಅದೇ ರಸ್ತೆ, ಅದೇ ವಾರ, ಆದರೂ ಫಲಿತಾಂಶ ಬೇರೆ. ಆ ಯಮಹಾಗಳು ಟೂ ಸ್ಟ್ರೋಕ್. ಆರ್‌ಎಕ್ಸ್ 100 ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಆರ್‌ಪಿಎಂ ತನಕ ಮಲಗಿದ ಹಾಗಿರುತ್ತದೆ, ಆಮೇಲೆ ಒಮ್ಮೆಲೇ ಎಗರುತ್ತದೆ. ರೇಸ್ ಬೈಕಿನಲ್ಲಿ ಅದು ನೂರು ಪಟ್ಟು. ಆ ಸ್ವಭಾವಕ್ಕೆ ಮೈ ಪಳಗಬೇಕು, ಬೈಕಿನ ಸೆಟ್ಟಿಂಗ್ ಕೂಡಬೇಕು. ಹನ್ನೊಂದು ವರ್ಷದ ನಂತರ ಬಂದವರಿಗೆ ಅದಕ್ಕೆ ಬಿಡುವು ಎಲ್ಲಿತ್ತು? 'ಪ್ರತಿಭೆ ಇದ್ರೆ ಯಾವ ಗಾಡಿ ಆದ್ರೂ ನಡೀತದೆ' ಅನ್ನುವವರಿಗೆ ನಾನು ಈ ವಾರದ ಫಲಿತಾಂಶ ತೋರಿಸುತ್ತೇನೆ.

## ಇನ್ನೂ ಒಳಕ್ಕೆ ಹೋಗಬೇಕೆನ್ನುವವರಿಗೆ

ಒಂದೇ ಒಂದು ರೇಸ್ ಗೆದ್ದು ಹತ್ತನೇ ವಿಶ್ವ ಪಟ್ಟ ಹೇಗೆ ಸಿಕ್ತು?

1976ರವರೆಗೆ ಟಿಟಿ ಅನ್ನೋದು ವಿಶ್ವ ಚಾಂಪಿಯನ್‌ಶಿಪ್‌ನ ಭಾಗ. 1972ರಲ್ಲಿ ಇಟಲಿಯ ಜಿಲ್ಬರ್ಟೊ ಪಾರ್ಲೊಟ್ಟಿ ಅಲ್ಲಿ ಸತ್ತ ಮೇಲೆ ಅಗೊಸ್ಟಿನಿ 'ಇನ್ನು ನಾನು ಬರುವುದಿಲ್ಲ' ಅಂದರು. ರೀಡ್ ಸೇರಿದಂತೆ ಬೇರೆಯವರೂ ದೂರ ಉಳಿದರು (ರೀಡ್ ಮರಳಿದ್ದು 1977ರಲ್ಲಿ). ದೊಡ್ಡ ಹೆಸರುಗಳೇ ಬಾರದಿದ್ದರೆ ಚಾಂಪಿಯನ್‌ಶಿಪ್‌ಗೆ ಏನರ್ಥ? 1977ರಲ್ಲಿ ಬ್ರಿಟಿಷ್ ಗ್ರ್ಯಾನ್ ಪ್ರಿ ಸಿಲ್ವರ್‌ಸ್ಟೋನ್‌ಗೆ ಹೋಯಿತು.

ಟಿಟಿಗೆ ಸಮಾಧಾನದ ಬಹುಮಾನದ ಹಾಗೆ ಟಿಟಿ ಫಾರ್ಮುಲಾ 1 ಅನ್ನೋ ಹೊಸ ವಿಶ್ವ ಪಟ್ಟ ಕೊಟ್ಟರು. ಶುರುವಿನಲ್ಲಿ ಅದಕ್ಕೆ ಇದ್ದದ್ದು ಒಂದೇ ರೇಸ್. ಗೆದ್ದವರೇ ವಿಶ್ವ ಚಾಂಪಿಯನ್. ಹಾಗಾಗಿ ಈ ಹತ್ತನೇ ಪಟ್ಟವನ್ನು ಹಿಂದಿನ ಒಂಬತ್ತರ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ಗೆಲುವು ದೊಡ್ಡದು, ಪಟ್ಟ ಚಿಕ್ಕದು. ಡುಕಾಟಿಗೆ ಮಾತ್ರ ಅದು ಮೊದಲ ವಿಶ್ವ ಪಟ್ಟ.

ಹಳೇ ದಾರಿ ನೆನಪಿತ್ತು, ಅದಕ್ಕೆ ಗೆದ್ರು ಅಂತಾರೆ. ಅಷ್ಟೇನಾ?

ಅರ್ಧ ನಿಜ. ಟಿಟಿ ದಾರಿ ಕಲಿಯೋಕೆ ವರ್ಷಗಳೇ ಬೇಕು. ಎಷ್ಟೋ ತಿರುವುಗಳಲ್ಲಿ ಮುಂದೇನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನೆನಪಿನಿಂದಲೇ ಬೈಕ್ ವಾಲಿಸಬೇಕು. 12 ಸಲ ಗೆದ್ದವರಿಗೆ ಆ ನೆನಪು ದೊಡ್ಡ ಆಸ್ತಿ. ಯೌವನದ ಚುರುಕು ಕಮ್ಮಿ ಆಗಿದ್ದರೂ ಅಲ್ಲಿ ಅದು ಕೈಹಿಡಿಯುತ್ತದೆ.

ಆದರೆ ಟಿಟಿ ಮುಗಿದ ಮೇಲೆ ಇಂಗ್ಲೆಂಡಿನ ಮ್ಯಾಲರಿ ಪಾರ್ಕ್‌ನಲ್ಲೂ ಅದೇ ಮಾದರಿಯ ಡುಕಾಟಿಯಲ್ಲಿ ಗೆದ್ದರಲ್ಲ? ಅದು ಪುಟ್ಟ ಸರ್ಕ್ಯೂಟ್. ಎಲ್ಲರೂ ಒಟ್ಟಿಗೆ ಹೊರಟು ಮೊಣಕೈ ತಾಗಿಸಿಕೊಂಡು ನುಗ್ಗುವ ಜಾಗ. ಅಲ್ಲಿ ದಾರಿಯ ನೆನಪು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

1979ರಲ್ಲಿ ಮತ್ತೆ ಯಾಕೆ ಬಂದ್ರು? ಮೇಲಿರೋವಾಗಲೇ ನಿಲ್ಲಿಸಬಹುದಿತ್ತಲ್ವಾ?

ಎಲ್ಲರೂ 1978 ಅನ್ನುತ್ತಾರೆ. ನನ್ನ ಪ್ರಕಾರ 1979 ಇನ್ನೂ ದೊಡ್ಡದು. ಈ ಸಲ ಡುಕಾಟಿ ಕಾಟ ಕೊಟ್ಟಿತು, ಫಾರ್ಮುಲಾ 1 ರೇಸ್‌ನಲ್ಲಿ ಐದನೇ ಸ್ಥಾನ. ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡರು. ಆಮೇಲೆ ಸೀನಿಯರ್ ಟಿಟಿಗೆ ಸುಜುಕಿ ಆರ್‌ಜಿ500 ಏರಿದರು. ಟೂ ಸ್ಟ್ರೋಕ್! ಹಿಂದಿನ ವರ್ಷ ಸತಾಯಿಸಿದ ಜಾತಿಯದ್ದೇ ಬೈಕು. ಅದರಲ್ಲಿ ಗೆದ್ದರು. ಒಂದು ಸುತ್ತನ್ನು ಗಂಟೆಗೆ 114.02 ಮೈಲಿ ವೇಗದಲ್ಲಿ, ಅಂದರೆ ಸುಮಾರು 183.5 ಕಿ.ಮೀ.ನಲ್ಲಿ ಸುತ್ತಿದರು. ಅದು ಟಿಟಿಯಲ್ಲಿ ಅವರ 14ನೇ ಗೆಲುವು. ವಯಸ್ಸು 39.

ಅಷ್ಟಕ್ಕೇ ಬಿಡಲಿಲ್ಲ. ಅದೇ 500 ಸಿಸಿ ಸುಜುಕಿಯಲ್ಲಿ ಕ್ಲಾಸಿಕ್ ರೇಸ್‌ಗೂ ಇಳಿದರು. ಎದುರಿಗೆ ಅಲೆಕ್ಸ್ ಜಾರ್ಜ್ ಅವರ ದೊಡ್ಡ ಹೋಂಡಾ. ಆರು ಸುತ್ತಿನ ನಂತರ ಹೈಲ್‌ವುಡ್ ಸೋತದ್ದು 3.4 ಸೆಕೆಂಡಿನಿಂದ. 364 ಕಿ.ಮೀ. ಓಡಿ 3.4 ಸೆಕೆಂಡ್! ಅಲ್ಲಿಗೆ ಟಿಟಿಗೆ ವಿದಾಯ ಹೇಳಿದರು. ಸೋಲಿನಲ್ಲಿ ಮುಗಿಸಿದರಲ್ಲ ಅಂತ ಕೆಲವರಿಗೆ ಬೇಸರ. ನನಗೇನೋ ಆ ಎರಡನೇ ಸ್ಥಾನದ ಮೇಲೆ ಪ್ರೀತಿ ಜಾಸ್ತಿ.

ಬೇರೆ ಚಾಂಪಿಯನ್‌ಗಳೂ ವಾಪಸ್ ಬಂದಿದ್ದಾರಲ್ಲ? ಹೋಲಿಸಿದ್ರೆ?

ನಿಕಿ ಲಾಡಾ 1979ರಲ್ಲಿ ಬಿಟ್ಟು 1982ರಲ್ಲಿ ವಾಪಸ್ ಬಂದು, 1984ರಲ್ಲಿ ಅರ್ಧ ಪಾಯಿಂಟಿನಿಂದ ಫಾರ್ಮುಲಾ 1 ಪಟ್ಟ ಗೆದ್ದರು. ಇಡೀ ಸೀಸನ್ ಗೆದ್ದ ಲೆಕ್ಕದಲ್ಲಿ ಅದು ಹೈಲ್‌ವುಡ್ ಸಾಧನೆಗಿಂತ ಕಷ್ಟದ್ದು. ಮೈಕಲ್ ಶುಮಾಕರ್ 2010ರಲ್ಲಿ ಮರಳಿ ಮೂರು ಸೀಸನ್ ಓಡಿಸಿದರು. ಸಿಕ್ಕಿದ್ದು ಒಂದೇ ಪೋಡಿಯಂ, 2012ರಲ್ಲಿ ವೆಲೆನ್ಸಿಯಾದಲ್ಲಿ.

ಟಿಟಿಯಲ್ಲೇ ನೋಡಬೇಕಂದ್ರೆ ಜೋಯಿ ಡನ್‌ಲಪ್. ಹೈಲ್‌ವುಡ್ ಅವರ 14 ಗೆಲುವಿನ ದಾಖಲೆ ಮುರಿದವರು ಅವರೇ, 1993ರಲ್ಲಿ. 2000ದಲ್ಲಿ, 48ನೇ ವಯಸ್ಸಿನಲ್ಲಿ, ಒಂದೇ ವಾರ ಮೂರು ರೇಸ್ ಗೆದ್ದು ಒಟ್ಟು 26ಕ್ಕೆ ಏರಿಸಿದರು. ಒಂದು ತಿಂಗಳೊಳಗೆ ಎಸ್ಟೋನಿಯಾದ ರೇಸ್‌ನಲ್ಲಿ ಸತ್ತರು. ಆದರೆ ಡನ್‌ಲಪ್ ಟಿಟಿ ಬಿಟ್ಟು ಹೋದವರಲ್ಲ, ಅದಕ್ಕೇ ಅವರನ್ನು 'ವಾಪಸ್ ಬಂದವರ' ಸಾಲಿಗೆ ಸೇರಿಸುವುದಿಲ್ಲ.

ಹೈಲ್‌ವುಡ್ ತೀರಿಕೊಂಡಿದ್ದು ರೇಸ್‌ನಲ್ಲಾ?

ಅಲ್ಲ. 1981ರ ಮಾರ್ಚ್ 21ರ ಸಂಜೆ ಇಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಫಿಶ್ ಆ್ಯಂಡ್ ಚಿಪ್ಸ್ ತರೋಕೆ ಹೊರಟಿದ್ದರು. ರಸ್ತೆ ಮಧ್ಯೆ ಯೂ ಟರ್ನ್ ಮಾಡುತ್ತಿದ್ದ ಲಾರಿಗೆ ಕಾರು ಡಿಕ್ಕಿ ಹೊಡೆಯಿತು. ಒಂಬತ್ತು ವರ್ಷದ ಮಗಳು ಸ್ಥಳದಲ್ಲೇ ಹೋದಳು. ಎರಡು ದಿನದ ನಂತರ ಅವರೂ ಹೋದರು. ಮಗ ಬದುಕಿದ. ಅವರಿಗೆ ಇನ್ನೂ 40 ವರ್ಷ.

ಆ ಡುಕಾಟಿ ಈಗ ಸಿಗುತ್ತಾ? ರೆಪ್ಲಿಕಾ ಅಂತ ಏನೋ ಬಂದಿತ್ತಲ್ಲ.

1979ರಿಂದ ಡುಕಾಟಿ 900 ಮೈಕ್ ಹೈಲ್‌ವುಡ್ ರೆಪ್ಲಿಕಾ ಅಂತ ಕೆಂಪು-ಹಸಿರು-ಬಿಳಿ ಬಣ್ಣದಲ್ಲಿ ಮಾರಿತು. ಸಾವಿರಾರು ಬೈಕ್ ಹೋದವು. ಆಗ ಕಷ್ಟದಲ್ಲಿದ್ದ ಕಂಪನಿಗೆ ಅದು ಒಳ್ಳೆ ಆಸರೆಯಾಯಿತು. ಆಮೇಲೆ ಪಿಯರ್ ಟೆರ್‌ಬ್ಲಾಂಚ್ ವಿನ್ಯಾಸ ಮಾಡಿದ ಎಂಎಚ್900ಇ ಬಂತು. 2000ದ ಜನವರಿ 1ರಂದು ಇಂಟರ್ನೆಟ್‌ನಲ್ಲಿ ಬುಕಿಂಗ್, ಒಟ್ಟು 2,000 ಬೈಕ್ ಮಾತ್ರ. ಈಗ ಎರಡೂ ಸಂಗ್ರಹಕಾರರ ಕೈಯಲ್ಲಿವೆ. ಬೆಲೆ ಕೇಳೋಕೆ ಹೋಗಬೇಡಿ.

ನಮ್ಮ ಕಡೆಗೂ ಈ ಕತೆಗೂ ಏನಾದ್ರೂ ನಂಟಿದ್ಯಾ?

ಒಂದು ಎಳೆ ಇದೆ. 1961ರಲ್ಲಿ ಹೈಲ್‌ವುಡ್ ಒಂದೇ ವಾರದಲ್ಲಿ ಮೂರು ಟಿಟಿ ಗೆದ್ದ ಮೊದಲ ಸವಾರರಾದರು. 125 ಮತ್ತು 250ರಲ್ಲಿ ಹೋಂಡಾ, ಸೀನಿಯರ್‌ನಲ್ಲಿ ಒಂದೇ ಸಿಲಿಂಡರಿನ ನಾರ್ಟನ್. ಆ ನಾರ್ಟನ್ ಹೆಸರನ್ನು 2020ರಲ್ಲಿ ಕೊಂಡದ್ದು ಟಿವಿಎಸ್. ಬೆಂಗಳೂರಿನಿಂದ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ಸೇ.

ನಾವೇ ಹೋದ್ರೆ ಆ ರಸ್ತೆಯಲ್ಲಿ ಬೈಕ್ ಓಡಿಸಬಹುದಾ?

ಓಡಿಸಬಹುದು. ರೇಸ್ ಇಲ್ಲದ ಹೊತ್ತಿನಲ್ಲಿ ಅದು ಮಾಮೂಲಿ ರಸ್ತೆ. ಊರುಗಳ ಒಳಗೆ ವೇಗದ ಮಿತಿ ಇದೆ, ಬೆಟ್ಟದ ರಸ್ತೆಯ ಬಹುಭಾಗದಲ್ಲಿ ಇಲ್ಲ. ಟಿಟಿ ನಡೆಯುವುದು ಮೇ ಕೊನೆಯಿಂದ ಜೂನ್ ಮೊದಲ ವಾರಗಳಲ್ಲಿ. ಆಗ ಬೆಟ್ಟದ ರಸ್ತೆಯನ್ನು ಏಕಮುಖ ಮಾಡುತ್ತಾರೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಹೋಗಬಹುದು. ಟಿಟಿ ಸಮಯಕ್ಕೆ ಹಡಗಿನ ಟಿಕೆಟ್ಟೂ ಉಳಿಯುವ ಜಾಗವೂ ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಮಿತಿ ಇಲ್ಲ ಅಂತ ಎಳೆಯೋಕೆ ಹೋಗಬೇಡಿ. ಮುಂದಿನ ತಿರುವು ನಿಮಗೆ ಗೊತ್ತಿರುವುದಿಲ್ಲ, ಹಿಂದೆ ಬರುವವನಿಗೆ ಗೊತ್ತಿರುತ್ತದೆ. ಎಡಕ್ಕೆ ಸರಿದು ಅವನಿಗೆ ದಾರಿ ಬಿಡಿ.